ಗೇಮಿನ ಸ್ಪೇಸ್‌ಶಿಪ್ ಬಿಡಿಸೋ ಮುಂಚೆ ಒಂದ್ಸಲ ಯುದ್ಧನೌಕೆಯ ಹೊಟ್ಟೆಯೊಳಗೆ ಇಳೀರಿ

ನಾನು ಮೊದಲನೇ ಸಲ ರೋಲ್‌ಪ್ಲೇಯಿಂಗ್ ಗೇಮಿಗೆ, ಅಂದ್ರೆ ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಡೋ ಆಟಕ್ಕೆ ಅಂತ ಒಂದು ಯುದ್ಧದ ಸ್ಪೇಸ್‌ಶಿಪ್ ಬಿಡಿಸಿದಾಗ ಗ್ರಾಫ್ ಶೀಟ್ ಹಿಡ್ಕೊಂಡು ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಹನ್ನೆರಡು ಜನಕ್ಕೆ ಹನ್ನೆರಡು ರೂಮು, ಪ್ರತಿ ರೂಮಿಗೂ ಅಟ್ಯಾಚ್ಡ್ ಬಾತ್‌ರೂಮು, ಒಂದು ಜಿಮ್ಮು, ಮೀಟಿಂಗ್ ಹಾಲು, ಇಬ್ಬರು ಕೈ ಬೀಸ್ಕೊಂಡು ಅಕ್ಕಪಕ್ಕ ನಡೆಯೋ ಅಷ್ಟು ಅಗಲದ ಕಾರಿಡಾರು. ಟೇಬಲ್ ಮೇಲೆ ಹರಡಿದೆ. ನಮ್ಮ ಗುಂಪಲ್ಲಿ ಇಂಜಿನಿಯರ್ ಪಾತ್ರ ಆಡೋನು ಬೆರಳಿಟ್ಟು ಒಂದೊಂದೇ ರೂಮು ಹುಡುಕ್ತಾ ಹೋಗಿ ಕೊನೆಗೆ, "ಲೋ, ನನ್ನ ಇಂಜಿನ್ ರೂಮಿಗಿಂತ ನಿನ್ನ ಜಿಮ್ಮೇ ದೊಡ್ದಿದೆಯಲ್ಲೋ, ಟ್ರೆಡ್‌ಮಿಲ್ ತುಳಿದು ಹಡಗು ಓಡಿಸ್ಬೇಕಾ?" ಅಂದ. ಅವತ್ತು ಆಟಕ್ಕಿಂತ ನಗುನೇ ಜಾಸ್ತಿ ಆಯ್ತು.

ಆಮೇಲೆ ನಿಜವಾದ ಯುದ್ಧನೌಕೆಗಳ ಡೆಕ್ ಪ್ಲಾನ್‌ಗಳನ್ನ, ಅಂದ್ರೆ ಒಂದೊಂದು ಅಂತಸ್ತಿನ ನಕ್ಷೆಗಳನ್ನ, ಹುಡುಕಿ ಹುಡುಕಿ ನೋಡೋಕೆ ಶುರು ಮಾಡಿದೆ, ಮೊದಲು ಕಣ್ಣಿಗೆ ಬಿದ್ದಿದ್ದೇ ನಾನು ಎಲ್ಲಾ ತಿರುಗುಮುರುಗಾ ಮಾಡಿದ್ದೆ ಅನ್ನೋದು. ನಾವು ರೂಮುಗಳನ್ನ ಬಿಡಿಸಿ ಅದರ ಸುತ್ತ ಹಡಗು ಸುತ್ತುತೀವಿ. ನೌಕಾಪಡೆಯೋರು ಇಂಜಿನ್ನು, ಇಂಧನ, ಆಯುಧ ಇಟ್ಟು, ಮಿಕ್ಕಿದ ಸಂದಿಗೊಂದಿಲಿ ಜನರನ್ನ ತುರುಕ್ತಾರೆ. ಈ ಲೇಖನದ ಹೆಜ್ಜೆಗಳೂ ಅದೇ ಕ್ರಮದಲ್ಲಿವೆ, ಅದಕ್ಕೇ ಮಲಗೋ ಕೋಣೆ ತುಂಬಾ ತಡವಾಗಿ ಬರುತ್ತೆ, ಬೇಜಾರು ಮಾಡ್ಕೋಬೇಡಿ. ಬೇಕಾಗಿರೋದು ಒಂದು ಕ್ಯಾಲ್ಕುಲೇಟರ್, ಒಂದು ಗ್ರಾಫ್ ಶೀಟು, ಕೊನೇಲಿ ಒಂದು ಸುತ್ತು ಟೇಪು.

ಹೆಜ್ಜೆ 1: ಟನ್ ಅಂದ್ರೆ ಯಾವ ಟನ್ ಅಂತ ಮೊದ್ಲು ಬಗೆಹರಿಸ್ಕೊಳ್ಳಿ

ಅರ್ಧ ಜಗಳ ಹುಟ್ಟೋದೇ ಇಲ್ಲಿ. ಯುದ್ಧನೌಕೆ 2,500 ಟನ್ ಅಂದ್ರೆ ಅದು ತೂಕ, ಹಡಗು ತನ್ನ ತೂಕದಷ್ಟೇ ನೀರನ್ನ ಪಕ್ಕಕ್ಕೆ ತಳ್ಳುತ್ತೆ ಅನ್ನೋ ಆರ್ಕಿಮಿಡೀಸ್ ಲೆಕ್ಕ. ಸರಕು ಹಡಗಿಗೆ ಹಳೇ ಕಾಲದಿಂದ ಹೇಳ್ತಿದ್ದ ರಿಜಿಸ್ಟರ್ ಟನ್ ಬೇರೆ, ಅದು 100 ಘನ ಅಡಿ ಅಂದ್ರೆ 2.83 ಘನ ಮೀಟರ್ ಜಾಗ, ತೂಕಕ್ಕೂ ಅದಕ್ಕೂ ಸಂಬಂಧನೇ ಇಲ್ಲ. ಇನ್ನು 1977ರಿಂದ ಜನ ಆಡ್ತಿರೋ ಟ್ರಾವೆಲರ್ ಅನ್ನೋ ಬಾಹ್ಯಾಕಾಶದ ರೋಲ್‌ಪ್ಲೇಯಿಂಗ್ ಗೇಮಿನ ಟನ್ ಇದೆಯಲ್ಲ, ಆಡೋರ ಬಾಯಲ್ಲಿ ಡಿ-ಟನ್, ಅದು ಮೂರನೇ ಜಾತಿ. ಒಂದು ಟನ್ ತೂಕದ ದ್ರವ ಹೈಡ್ರೋಜನ್ ಹಿಡಿಸೋಕೆ ಎಷ್ಟು ಜಾಗ ಬೇಕೋ ಅಷ್ಟು. ದ್ರವ ಹೈಡ್ರೋಜನ್ ಹತ್ತಿ ಥರ ಹಗುರ, ಒಂದು ಘನ ಮೀಟರ್‌ಗೆ ಸುಮಾರು 71 ಕೆಜಿ ಅಷ್ಟೇ ಬರೋದು, ಹಾಗಾಗಿ ಒಂದು ಡಿ-ಟನ್ ಅಂದ್ರೆ 14 ಘನ ಮೀಟರ್. ಮ್ಯಾಪಲ್ಲಿ 1.5 ಮೀಟರ್ ಚೌಕ ಎರಡು, ಎತ್ತರ 3 ಮೀಟರ್, ಗುಣಿಸಿದ್ರೆ 13.5, ಹೆಚ್ಚುಕಮ್ಮಿ ಸರಿಹೋಗುತ್ತೆ.

"800 ಟನ್ ಸ್ಪೇಸ್‌ಶಿಪ್ ಅಂದ್ರೆ 800 ಟನ್ನಿನ ಸಬ್‌ಮರೀನ್ ಅಷ್ಟು ತಾನೆ" ಅಂತ ಯಾರಾದ್ರೂ ಅಂದ್ರೆ ಅಲ್ಲೇ ನಿಲ್ಲಿಸಿ. ಗೇಮಿಂದು ಜಾಗದಲ್ಲಿ ಹದಿನಾಲ್ಕು ಪಟ್ಟು ಹತ್ರ ದೊಡ್ದು.

ಹೆಜ್ಜೆ 2: ಹೋಲಿಕೆಗೆ ಮೊದ್ಲು ಸಬ್‌ಮರೀನ್ ತಗೊಳ್ಳಿ

ಮೇಲೆ ತೇಲೋ ಹಡಗಲ್ಲಿ ನೀರಿನ ಮೇಲಿರೋ ಭಾಗ ತೂಕದ ಅಂಕಿಯಿಂದ ಗೊತ್ತಾಗಲ್ಲ. ಸಬ್‌ಮರೀನ್ ಪೂರ್ತಿ ಮುಳುಗುತ್ತೆ ನೋಡಿ, ಅದಕ್ಕೆ ಮುಳುಗಿದಾಗಿನ ಟನ್ ಅಂಕಿನ ಸಮುದ್ರದ ನೀರಿನ ಸಾಂದ್ರತೆ 1.025ರಿಂದ ಭಾಗಿಸಿದ್ರೆ ಅದು ಹಿಡಿಯೋ ಜಾಗ ಘನ ಮೀಟರ್‌ಲ್ಲಿ ಸಿಕ್ಕೇಬಿಡ್ತು. ಅದನ್ನ 14ರಿಂದ ಭಾಗಿಸಿ, ಡಿ-ಟನ್ ಕೈಗೆ ಬಂತು.

ಎರಡನೇ ಮಹಾಯುದ್ಧದ ಜರ್ಮನ್ ಯು-ಬೋಟ್ ಟೈಪ್ 7ಸಿ ತಗೊಳ್ಳಿ. ಉದ್ದ 67 ಮೀಟರ್, ಮುಳುಗಿದಾಗ 871 ಟನ್. ಲೆಕ್ಕ ಹಾಕಿದ್ರೆ 850 ಘನ ಮೀಟರ್, ಅಂದ್ರೆ 61 ಡಿ-ಟನ್. ಅದ್ರೊಳಗೆ 44ರಿಂದ 52 ಜನ. ಈಗ ಟ್ರಾವೆಲರ್‌ನ ಹಳೇ ಸ್ಕೌಟ್ ಹಡಗು, ಗೇಮಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗೋ ಹಡಗುಗಳಲ್ಲಿ ಅತ್ಯಂತ ಚಿಕ್ಕದು, ಎಲ್ರೂ "ಅಯ್ಯೋ ಇಕ್ಕಟ್ಟು" ಅಂತ ಗೊಣಗೋದು, 100 ಡಿ-ಟನ್, ನಾಲ್ಕು ರೂಮು. ಒಬ್ಬನೇ ಓಡಿಸ್ಬೋದು! ಯು-ಬೋಟಿಗಿಂತ ಒಂದೂವರೆ ಪಟ್ಟು ದೊಡ್ಡ ಹಡಗಲ್ಲಿ ನಾಲ್ಕು ಜನ ಕೂತ್ಕೊಂಡು ಜಾಗ ಸಾಲಲ್ಲ ಅಂತಿದಾರೆ. ನ್ಯಾಯವಾಗಿ ಹೇಳ್ಬೇಕಂದ್ರೆ ಸ್ಕೌಟ್‌ನ 100ರಲ್ಲಿ 40 ಇಂಧನಕ್ಕೇ ಹೋಗುತ್ತೆ. ಹೋಗ್ಲಿ ಬಿಡಿ, ಯು-ಬೋಟಲ್ಲೂ ಡೀಸೆಲ್ಲು, ಬ್ಯಾಟರಿ, ನೀರು ತುಂಬೋ ಟ್ಯಾಂಕು ಎಲ್ಲಾ ಆ 61ರೊಳಗೇ ಇತ್ತು.

ಇವತ್ತಿನವು ಇಷ್ಟು ಕ್ರೂರ ಅಲ್ಲ. ಅಮೆರಿಕದ ವರ್ಜೀನಿಯಾ ಕ್ಲಾಸ್ (ಒಂದೇ ನಕ್ಷೆಲಿ ಕಟ್ಟಿದ ಹಡಗುಗಳ ಗುಂಪಿಗೆ ಕ್ಲಾಸ್ ಅಂತಾರೆ) ಅಣು ಸಬ್‌ಮರೀನ್ ಸುಮಾರು 7,900 ಟನ್, 550 ಡಿ-ಟನ್ ಆಗುತ್ತೆ, 130 ಚಿಲ್ರೆ ಜನ. ಒಹಾಯೊ ಕ್ಲಾಸ್, 24 ಕ್ಷಿಪಣಿ ಕೊಳವೆ ಇಟ್ಕೊಂಡು ಕಟ್ಟಿದ್ದು, 170 ಮೀಟರ್, ಸುಮಾರು 19,000 ಟನ್, ಅಂದ್ರೆ 1,300 ಡಿ-ಟನ್ ಮೇಲೆ, ಜನ ಬರೀ 155.

ಹೆಜ್ಜೆ 3: ತಲೆಗೆಷ್ಟು ಬಂತು ನೋಡಿ

ಹಡಗಿನ ಒಟ್ಟು ಜಾಗನ ಜನರ ಸಂಖ್ಯೆಯಿಂದ ಭಾಗಿಸಿ, ಅಷ್ಟೇ. ಯು-ಬೋಟಲ್ಲಿ ತಲೆಗೆ 19 ಘನ ಮೀಟರ್ ಆಸುಪಾಸು, ವರ್ಜೀನಿಯಾದಲ್ಲಿ 58, ಒಹಾಯೊದಲ್ಲಿ 120. ಇದು ಆ ಮನುಷ್ಯ ಓಡಾಡೋ ಜಾಗ ಅಲ್ಲ ಮತ್ತೆ, ಇಂಜಿನ್ನು ಟಾರ್ಪಿಡೊ ಎಲ್ಲಾ ಸೇರಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಜನ ಇರೋಕೆ ಅಂತ ಸಿಗೋ ಜಾಗನೇ 388 ಘನ ಮೀಟರ್, ಸಾಮಾನ್ಯವಾಗಿ ಏಳು ಜನ, ತಲೆಗೆ 55. ಅದೂ ತೂಕ ಇಲ್ಲದ ಕಡೆ ಗೋಡೆ, ಚಾವಣಿ ಎಲ್ಲಾ ಉಪಯೋಗಕ್ಕೆ ಬರುತ್ತೆ. ಆ ಕಡೆ ಗೇಮಿನ 200 ಡಿ-ಟನ್ ವ್ಯಾಪಾರಿ ಹಡಗು ನೋಡಿ, 2,800 ಘನ ಮೀಟರ್, ನಡೆಸೋಕೆ ನಾಲ್ಕು ಜನ. ತಲೆಗೆ 700. ಸರಕು ಹಡಗು ಅಂತ ಬಿಟ್ಟುಬಿಡೋಣ.

ನನ್ನ ರೂಲು ಇಷ್ಟು: ತಲೆಗೆ 20ರ ಹತ್ರ ಬಂದ್ರೆ ಆ ಹಡಗಲ್ಲಿ ಜನ ಒಬ್ಬರ ಬೆವರು ಒಬ್ಬರು ಮೂಸ್ತಾ ಬದುಕ್ತಾರೆ, 60 ಅಂದ್ರೆ ಇವತ್ತಿನ ಯುದ್ಧದ ಸಬ್‌ಮರೀನ್, 120 ಅಂದ್ರೆ ತಿಂಗಳುಗಟ್ಟಲೆ ಹೊರಗಿರೋಕೆ ಆರಾಮಾಗಿ ಕಟ್ಟಿದ್ದು. 300 ದಾಟಿದ್ರೆ ನಿಮ್ಮ ಯುದ್ಧನೌಕೆ ಒಳಗೆ ಖಾಲಿ ಹೊಡೀತಿದೆ ಅಂತ ಅರ್ಥ, ಏನಾದ್ರೂ ಕಾರಣ ಕೊಡಿ, ಎಲ್ಲಾ ಆಟೋಮ್ಯಾಟಿಕ್ ಅಂತಾನಾದ್ರೂ.

ಇಲ್ಲೇ ಒಂದು ಅಡ್ಡಮಾತು. ಕಿಲೋಮೀಟರ್ ಉದ್ದದ ಸ್ಪೇಸ್‌ಶಿಪ್ ಅಂತ ಬರೆಯೋಕೆ ಎಲ್ರಿಗೂ ಆಸೆ, ನನಗೂ ಇತ್ತು. ಅಯೊವಾ ಕ್ಲಾಸ್ ಬ್ಯಾಟಲ್‌ಶಿಪ್ 270 ಮೀಟರ್, ಎರಡನೇ ಮಹಾಯುದ್ಧದಲ್ಲಿ 2,700 ಜನರ ಹತ್ರ ಇದ್ರು. ಅದೇ ಆಕಾರ ಇಟ್ಕೊಂಡು ಉದ್ದ 1,000 ಮೀಟರ್ ಮಾಡಿದ್ರೆ ಉದ್ದ ನಾಲ್ಕು ಪಟ್ಟೂ ಆಗಲ್ಲ, ಆದ್ರೆ ಅಗಲ ಎತ್ತರನೂ ಜೊತೆಗೆ ಬೆಳೆಯುತ್ತಲ್ಲ, ಜಾಗ 50 ಪಟ್ಟು ಆಗುತ್ತೆ. ಅದೇ ಸಾಂದ್ರತೆಲಿ ಜನ ತುಂಬಿದ್ರೆ 1,35,000. ಒಂದು ಊರು! ನೀವು ಅದಕ್ಕೆ 400 ಜನ ಅಂತ ಬರ್ದಿದ್ರೆ ಒಬ್ಬರ ಮುಖ ಇನ್ನೊಬ್ಬರು ನೋಡೋಕೆ ವಾರ ಹಿಡಿಯುತ್ತೆ.

ಹೆಜ್ಜೆ 4: ಮೊದ್ಲು ಇಂಜಿನ್ ಇಡಿ, ಅದೂ ಹೊಟ್ಟೆಯ ನಟ್ಟನಡುವೆ

ಇದೇ ನನ್ನ ಜಿಮ್ ಹಡಗಿಗೆ ಸಿಗದೇ ಹೋಗಿದ್ದ ಪಾಠ. ಅಮೆರಿಕದ ಫ್ಲೆಚರ್ ಕ್ಲಾಸ್ ಡಿಸ್ಟ್ರಾಯರ್, ಅಂದ್ರೆ ವೇಗದ ಸಣ್ಣ ಯುದ್ಧನೌಕೆ, ಇದಕ್ಕೆ ಒಳ್ಳೇ ಉದಾಹರಣೆ. 1940ರ ದಶಕದ್ದು, ಉದ್ದ ಸುಮಾರು 115 ಮೀಟರ್, ಅಗಲ 12, ತುಂಬಿದ ತೂಕ 2,500 ಟನ್, 60,000 ಅಶ್ವಶಕ್ತಿ. ಈ ಕ್ಲಾಸಿನ ಯುಎಸ್‌ಎಸ್ ಕಿಡ್ ಅನ್ನೋದು ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ಮ್ಯೂಸಿಯಂ ಆಗಿದೆ, ಯುಎಸ್‌ಎಸ್ ಕ್ಯಾಸಿನ್ ಯಂಗ್ ಬಾಸ್ಟನ್‌ನಲ್ಲಿದೆ. ಈ ಹಡಗಿನ ನಡುಭಾಗ ಪೂರ್ತಿ, ತಳದಿಂದ ಮುಖ್ಯ ಡೆಕ್‌ವರೆಗೆ, ಆ ಗೋಡೆಯಿಂದ ಈ ಗೋಡೆವರೆಗೆ, ಯಂತ್ರಗಳದ್ದೇ. ಮುಂದೆ ಒಂದು ಬಾಯ್ಲರ್ ಕೋಣೆ, ಅದರ ಹಿಂದೆ ಇಂಜಿನ್ ಕೋಣೆ, ಮತ್ತೆ ಬಾಯ್ಲರ್, ಮತ್ತೆ ಇಂಜಿನ್. ಯಾಕೆ ಹೀಗೆ ಒಂದು ಬಿಟ್ಟು ಒಂದು ಇಟ್ರು ಅಂದ್ರೆ ಒಂದು ಏಟಿಗೆ ಎರಡು ಬಾಯ್ಲರ್ ಕೋಣೆನೂ ಹೋಗ್ಬಾರ್ದು, ಒಂದು ಹೋದ್ರೂ ಇನ್ನೊಂದು ಜೋಡಿ ಹಡಗನ್ನ ಎಳ್ಕೊಂಡು ಮನೆಗೆ ಬರ್ಬೇಕು. ಜನ ಎಲ್ಲಿ ಅಂತ ಕೇಳಿದ್ರೆ ಮೂತಿ ಕಡೆ ಸ್ವಲ್ಪ, ಬಾಲದ ಕಡೆ ಸ್ವಲ್ಪ. ಕೆಳಗಡೆಯಿಂದ ಮುಂದಿನೋರು ಹಿಂದಕ್ಕೆ ಹೋಗೋಕೆ ದಾರಿನೇ ಇಲ್ಲ, ಮೇಲೆ ಹತ್ತಿ, ಅಲೆ ಬಡಿತಾ ಇರೋ ಡೆಕ್ ದಾಟಿ, ಮತ್ತೆ ಇಳೀಬೇಕು. ಬಿರುಗಾಳಿಲಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗೋದೇ ಒಂದು ಸಾಹಸ, ಆಟದ ಕತೆ ನಡೆಸೋ ಗೇಮ್ ಮಾಸ್ಟರ್ ಆದೋನಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಫ್ಲೆಚರ್ ಸುಮಾರು 500 ಟನ್ ಎಣ್ಣೆ ಹೊರ್ತಿತ್ತು, ಒಟ್ಟು ತೂಕದ ಐದನೇ ಒಂದು ಭಾಗ. ತಮಾಷೆ ಅಂದ್ರೆ ಟ್ರಾವೆಲರಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರೋ ಜಂಪ್-1 ಹಡಗಿಗೆ ತನ್ನ ಗಾತ್ರದ ಶೇಕಡ 10 ಇಂಧನ, ಅದರ ಎರಡರಷ್ಟು ದೂರ ಹಾರೋ ಜಂಪ್-2 ಹಡಗಿಗೆ ಶೇಕಡ 20. ಒಂದು ತೂಕದ ಲೆಕ್ಕ ಇನ್ನೊಂದು ಜಾಗದ ಲೆಕ್ಕ ಅನ್ನೋದು ನಿಜ, ಆದ್ರೂ ಗೇಮಿನೋರು ಅಂದಾಜು ಮಾಡಿದ್ದು ಪೂರ್ತಿ ಗಾಳಿಲಿ ಗುಂಡಲ್ಲ. ಅವರು ಎಡವಿದ್ದು ಜನರ ಕಡೆಗೆ, ಜಾಗ ಕೊಟ್ಟಿದ್ದು ಜಾಸ್ತಿ ಆಯ್ತು.

ಗ್ರಾಫ್ ಶೀಟ್ ಮೇಲೆ ಇಂಜಿನ್ ಇಟ್ಟಮೇಲೆ ಇಂಧನ, ಅದೂ ಅಂಚುಗಳಲ್ಲಿ, ತಳದಲ್ಲಿ, ಮೂಲೆಗಳಲ್ಲಿ, ಎಲ್ಲೆಲ್ಲಿ ಹಡಗಿನ ಹೊರಮೈ ಬಾಗಿ ಮನುಷ್ಯ ನಿಲ್ಲೋಕೆ ಆಗಲ್ವೋ ಅಲ್ಲಿ. ದ್ರವಕ್ಕೆ ಆಕಾರದ ಹಂಗಿಲ್ಲ. ಆಮೇಲೆ ಆಯುಧ. ಇಲ್ಲೂ ಎಲ್ರೂ ಮರೆಯೋದು ಏನಂದ್ರೆ ಮೇಲೆ ಕಾಣೋ ಫಿರಂಗಿ ಐಸ್‌ಬರ್ಗ್ ತುದಿ ಅಷ್ಟೇ, ಅದರ ಕೆಳಗೆ ಗುಂಡು ಎತ್ತಿಕೊಡೋ ಕೋಣೆ, ಅದರ ಕೆಳಗೆ ಮದ್ದಿನ ಕೋಣೆ, ಎರಡು ಮೂರು ಡೆಕ್ ಕೊರ್ಕೊಂಡು ಹೋಗುತ್ತೆ. ಲೇಸರ್ ಇಟ್ರೂ ಅಷ್ಟೇ, ಅದಕ್ಕೆ ಕರೆಂಟು, ಕೂಲಿಂಗು, ಪೈಪು, ಬಿಡಿಭಾಗ. ಮ್ಯಾಪಲ್ಲಿ ಗನ್ನಿಗೆ ಒಂದು ಚುಕ್ಕಿ ಇಟ್ಟು ಸುಮ್ನಾಗ್ಬೇಡಿ.

ಹೆಜ್ಜೆ 5: ಅಡ್ಡಗೋಡೆ ಎಳೀರಿ, ಬಾಗಿಲು ಹಾಕೋಕೆ ಜಿಪುಣತನ ಮಾಡಿ

ನೀರು ನುಗ್ಗಿದ್ರೆ ಅಥ್ವಾ ಗಾಳಿ ಸೋರಿದ್ರೆ ಒಂದು ಕೋಣೆಗೇ ನಿಲ್ಬೇಕು, ಎರಡಕ್ಕೂ ಉತ್ತರ ಒಂದೇ, ಅಡ್ಡಗೋಡೆ. ಯುದ್ಧನೌಕೆಲಿ ತಳದ ಕಡೆ ಈ ಗೋಡೆಗಳಲ್ಲಿ ಸಾಮಾನ್ಯವಾಗಿ ಬಾಗಿಲೇ ಇಡಲ್ಲ. ಪಕ್ಕದ ಕೋಣೆ ಒಂದು ಗೇಣು ದೂರದಲ್ಲಿದ್ರೂ ಏಣಿ ಹತ್ತಿ, ಮೇಲಿನ ಡೆಕ್ಕಲ್ಲಿ ಗೋಡೆ ದಾಟಿ, ಇನ್ನೊಂದು ಏಣಿ ಇಳೀಬೇಕು. ನಮ್ಮ ಗೇಮ್ ಮ್ಯಾಪ್‌ಗಳಲ್ಲಿ ಎಲ್ಲಾ ರೂಮಿಗೂ ಎರಡೆರಡು ಸ್ಲೈಡಿಂಗ್ ಡೋರು, ಹೋಟೆಲ್ ಥರ.

ಬಾಗಿಲು ಇರೋ ಕಡೆನೂ ಅದು ಸುಮಾರು 66 ಸೆಂಟಿಮೀಟರ್ ಅಗಲ, 168 ಎತ್ತರ, ನೆಲದಿಂದ ಒಂದು ಹೊಸ್ತಿಲು ಬೇರೆ ಎದ್ದಿರುತ್ತೆ, ತಲೆ ಬಗ್ಗಿಸಿ ಕಾಲೆತ್ತಿ ಎರಡೂ ಒಟ್ಟಿಗೆ ಮಾಡ್ಬೇಕು. ಮೊದಲ ದಿನ ಹಣೆ, ಎರಡನೇ ದಿನ ಮೊಣಕಾಲು.

ಅಮೆರಿಕದ ನೌಕಾಪಡೆಲಿ ಬಾಗಿಲುಗಳ ಮೇಲೆ ಎಕ್ಸ್, ವೈ, ಝಡ್ ಅಂತ ಅಕ್ಷರ ಬರ್ದಿರುತ್ತೆ. ಬಂದರಲ್ಲಿ ಆರಾಮಾಗಿದ್ದಾಗ ಎಕ್ಸ್ ಅಂತ ಇರೋವು ಮಾತ್ರ ಮುಚ್ಚಿರ್ತವೆ, ಸಮುದ್ರದಲ್ಲಿ ವೈನೂ ಸೇರುತ್ತೆ, ಯುದ್ಧಕ್ಕೆ ಗಂಟೆ ಬಾರಿಸಿದ್ರೆ ಝಡ್ ಕೂಡ, ಅಂದ್ರೆ ಹೆಚ್ಚುಕಮ್ಮಿ ಎಲ್ಲಾ ಬಂದ್. ಆ ಗಂಟೆ ಬಾರಿಸಿದ ಕೂಡ್ಲೆ ನೂರಾರು ಜನ ಒಟ್ಟಿಗೆ ಓಡ್ತಾರಲ್ಲ, ಅದಕ್ಕೂ ರೂಲಿದೆ: ಮೇಲಕ್ಕೆ ಮತ್ತು ಮುಂದಕ್ಕೆ ಹೋಗೋರು ಬಲಮಗ್ಗುಲಲ್ಲಿ, ಕೆಳಕ್ಕೆ ಮತ್ತು ಹಿಂದಕ್ಕೆ ಹೋಗೋರು ಎಡಮಗ್ಗುಲಲ್ಲಿ. ನಾನು ಇದನ್ನ ಒಂದು ಸಲ ಆಟಕ್ಕೆ ತಂದೆ. ಪ್ಲೇಯರ್‌ಗಳು ವೈರಿ ಹಡಗಿಗೆ ವೇಷ ಹಾಕ್ಕೊಂಡು ಕದ್ದು ನುಗ್ಗಿದ್ರು, ಅಲಾರಂ ಆಯ್ತು, ಇವರು ತಪ್ಪು ಮಗ್ಗುಲಲ್ಲಿ ಎದುರಿಗೆ ಓಡಿದ್ರು. ಒಂದೇ ಒಂದು ಡೈಸ್ ಉರುಳಿಸ್ದೆ ಸಿಕ್ಕಿಬಿದ್ರು.

ಪ್ರತಿ ಕೋಣೆಗೂ ವಿಳಾಸ ಕೊಡೋದನ್ನೂ ಅಲ್ಲಿಂದಲೇ ಕದೀರಿ. 3-75-4-ಎಂ ಅಂತ ಗೋಡೆ ಮೇಲೆ ಬರ್ದಿದ್ರೆ ಮೂರನೇ ಡೆಕ್ಕು, ಮೂತಿಯಿಂದ ಎಣಿಸಿದ್ರೆ ಹಡಗಿನ ಚೌಕಟ್ಟಿನ 75ನೇ ಪಕ್ಕೆಲುಬು, ನಾಲ್ಕು ಸಮಸಂಖ್ಯೆ ಹಾಗಾಗಿ ಎಡಮಗ್ಗುಲು, ಎಂ ಅಂದ್ರೆ ಮದ್ದುಗುಂಡು. ಬೆಸಸಂಖ್ಯೆ ಆದ್ರೆ ಬಲಮಗ್ಗುಲು, ಸೊನ್ನೆ ಅಂದ್ರೆ ನಟ್ಟನಡುವೆ. ಎಲ್ ಅಂದ್ರೆ ಜನ ವಾಸ ಮಾಡೋದು, ಎಫ್ ಇಂಧನ. ಪ್ಲೇಯರ್‌ಗಳಿಗೆ ಕತ್ತಲೆಲಿ ಟಾರ್ಚ್ ಬೆಳಕಿಗೆ ಬರೀ ಈ ಒಂದು ನಂಬರ್ ತೋರಿಸಿ, ತಾವೇ ಬಿಡಿಸ್ಕೋತಾರೆ.

ಹೆಜ್ಜೆ 6: ಓಣಿ ಕಿರಿದು ಮಾಡಿ

ಇದು ಸಣ್ಣ ಹೆಜ್ಜೆ, ಉಳಿತಾಯ ದೊಡ್ದು. ಮ್ಯಾಪಲ್ಲಿ ಒಂದು ಚೌಕ ಅಗಲ ಅಂದ್ರೆ 1.5 ಮೀಟರ್ ಓಣಿ, ನಿಜದ ಹಡಗಲ್ಲಿ 90 ಸೆಂಟಿಮೀಟರ್ ಇದ್ರೆ ಸಾಕು, ಎದುರು ಬಂದೋರಿಗೆ ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಡ್ತಾರೆ. 60 ಮೀಟರ್ ಉದ್ದದ ಓಣಿ ಗೇಮ್ ಅಳತೆಲಿ 20 ಡಿ-ಟನ್ ತಿನ್ನುತ್ತೆ, ಹಡಗಿನ ಅಳತೆಲಿ 12. ಮೆಟ್ಟಿಲ ಬದಲು ಕಡಿದಾದ ಏಣಿ ಹಾಕಿ. ಲಿಫ್ಟ್ ಬೇಕಂದ್ರೆ ಗುಂಡಿಗೆ, ಸಾಮಾನಿಗೆ ಇಡಿ, ಜನ ಹತ್ತಿ ಬರ್ಲಿ.

ಹೆಜ್ಜೆ 7: ಈಗ ಮಿಕ್ಕಿದ್ರಲ್ಲಿ ಜನರನ್ನ ಹಾಕಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಹಾಸಿಗೆನೇ ಪಾಳಿ ಮೇಲೆ ಸಿಗೋದು. ಯು-ಬೋಟಲ್ಲಿ ಒಬ್ಬ ಕಾವಲಿಗೆ ಎದ್ದುಹೋದ ಬೆಚ್ಚನೆ ಜಾಗಕ್ಕೆ ಇನ್ನೊಬ್ಬ ಬಂದು ಬೀಳ್ತಿದ್ದ, ಅಣು ಸಬ್‌ಮರೀನ್‌ಗಳಲ್ಲೂ ಚಿಕ್ಕ ರ‍್ಯಾಂಕಿನೋರಿಗೆ ಎರಡು ಬಂಕ್ ಮೂರು ಜನ ಅನ್ನೋ ಲೆಕ್ಕ ಇದೆ. ಟೈಪ್ 7ಸಿಯ ಮುಂದಿನ ಟಾರ್ಪಿಡೊ ಕೋಣೆ ಒಂದ್ಸಲ ಕಣ್ಮುಂದೆ ತಂದ್ಕೊಳ್ಳಿ: ಹಡಗಿನ ಗಟ್ಟಿ ಕೊಳವೆ ಅತೀ ಅಗಲ ಇರೋ ಕಡೆನೇ 4.7 ಮೀಟರ್, ಮೂತಿ ಕಡೆ ಇನ್ನೂ ಕಿರಿದು, ಎದುರಿಗೆ ನಾಲ್ಕು ಟ್ಯೂಬು, ನೆಲದ ಕೆಳಗೆ ಟಾರ್ಪಿಡೊ, ನೆಲದ ಮೇಲೂ ಟಾರ್ಪಿಡೊ, ಅದರ ಪಕ್ಕದಲ್ಲಿ ಮಡಚೋ ಬಂಕು, ಮೇಲಿಂದ ನೇತಾಡೋ ಬ್ರೆಡ್ಡು, ಒಣಮಾಂಸ. ಟಾರ್ಪಿಡೊ ಹಾರಿಸಿದಷ್ಟೂ ಕೋಣೆ ಸ್ವಲ್ಪ ಸ್ವಲ್ಪ ಬಿಡುವಾಗ್ತಾ ಹೋಗುತ್ತೆ, ಅಂದ್ರೆ ವೈರಿ ಹಡಗು ಸಿಕ್ಕಿದ್ರೇ ಕಾಲು ಚಾಚೋಕೆ ಜಾಗ. ಎರಡು ಟಾಯ್ಲೆಟ್ ಇದ್ವು, ಹೊರಡುವಾಗ ಒಂದರಲ್ಲಿ ಆಹಾರ ತುಂಬಿರ್ತಿದ್ರು, ಐವತ್ತು ಜನಕ್ಕೆ ಮಿಕ್ಕಿದ್ದು ಒಂದು. ಜರ್ಮನಿಯ ಲಾಬೋ ತೀರದಲ್ಲಿ ಯು-995 ಇವತ್ತಿಗೂ ನಿಂತಿದೆ, ಒಳಗೆ ನಡೆದು ನೋಡ್ಬೋದು.

ಲೆಕ್ಕಕ್ಕೆ ಬರೋಣ. ಮೂರು ಅಂತಸ್ತಿನ ಬಂಕು, ಉದ್ದ 2 ಮೀಟರ್, ಅಗಲ 70 ಸೆಂಟಿಮೀಟರ್. ಎದುರು ಇನ್ನೊಂದು ಸಾಲು, ನಡುವೆ 70 ಸೆಂಟಿಮೀಟರ್ ದಾರಿ, ಅದರಲ್ಲಿ ಅರ್ಧ ಇವರ ಪಾಲು. ಎತ್ತರ 2.4. ಗುಣಿಸಿದ್ರೆ ಮೂರು ಜನಕ್ಕೆ 5 ಘನ ಮೀಟರ್, ತಲೆಗೆ 1.7. ಗೇಮಲ್ಲಿ ಒಂದು ಸ್ಟೇಟ್‌ರೂಮ್ (ಮಲಗೋ ಕೋಣೆ) ಅಂದ್ರೆ 4 ಡಿ-ಟನ್, 56 ಘನ ಮೀಟರ್. ಬಾಗಿಲು, ಲಾಕರ್ ಎಲ್ಲಾ ಕಳೆದ್ರೂ ಅದ್ರಲ್ಲಿ 24 ಜನ ಮಲಗ್ತಾರೆ ರೀ! ಗೇಮಿನೋರು ಆ ನಾಲ್ಕರಲ್ಲಿ ಊಟದ ಮನೆ, ಓಣಿ ಇವುಗಳ ಪಾಲನ್ನೂ ಸೇರಿಸ್ತಾರೆ, ಅದು ಒಪ್ಪೋಣ, ಅರ್ಧ ಕಳೀರಿ, ಆದ್ರೂ ಹನ್ನೆರಡು ಜನ.

ಜಾಗ ಉಳಿಸೋ ಇನ್ನೊಂದು ಗುಟ್ಟು ಒಂದೇ ಕೋಣೆಗೆ ಮೂರು ಕೆಲಸ. ಲಂಡನ್‌ನ ಥೇಮ್ಸ್ ನದಿಲಿರೋ ಎಚ್‌ಎಂಎಸ್ ಬೆಲ್‌ಫಾಸ್ಟ್, 187 ಮೀಟರ್‌ದು, 1938ರಲ್ಲಿ ನೀರಿಗಿಳಿದಿದ್ದು, 750ರಿಂದ 850 ಜನ ಇರ್ತಿದ್ರು. ಸಾಮಾನ್ಯ ನಾವಿಕರು ತಿನ್ನೋದು, ಕೂರೋದು, ತೂಗುಮಂಚ ಕಟ್ಟಿ ಮಲಗೋದು ಒಂದೇ ಕಡೆ. ಡಿಸ್ಟ್ರಾಯರ್‌ಗಳಲ್ಲಿ ಅಧಿಕಾರಿಗಳು ಊಟ ಮಾಡೋ ಮೇಜಿನ ಮೇಲೇ ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ. ನಿಮ್ಮ ಮ್ಯಾಪಲ್ಲಿ ಬೇರೆ ಆಸ್ಪತ್ರೆ ಬಿಡಿಸೋ ಮುಂಚೆ ಈ ಮೇಜನ್ನ ನೆನೆಸ್ಕೊಳ್ಳಿ, ಬೆಳಗ್ಗೆ ತಿಂಡಿ ತಿಂದ ಜಾಗದಲ್ಲೇ ಸಂಜೆ ಗೆಳೆಯನನ್ನ ಮಲಗಿಸಿರೋದು ಕತೆಗೆ ಎಷ್ಟು ಕೊಡುತ್ತೆ. ಕ್ಯಾಪ್ಟನ್ ಒಬ್ಬನಿಗೆ ಎಷ್ಟೋ ಹಡಗುಗಳಲ್ಲಿ ಎರಡು ಕ್ಯಾಬಿನ್, ಬಂದರಲ್ಲಿ ಅತಿಥಿಗಳನ್ನ ಕೂರಿಸೋಕೆ ಒಂದು ದೊಡ್ದು, ಸಮುದ್ರದಲ್ಲಿ ಬ್ರಿಡ್ಜ್ (ಹಡಗು ನಡೆಸೋ ಕೋಣೆ) ಪಕ್ಕದಲ್ಲೇ ಬಂಕ್ ಹಿಡಿಸೋ ಅಷ್ಟು ಗೂಡು. ನಿಜವಾಗಿ ಬದುಕೋದು ಆ ಗೂಡಲ್ಲಿ.

ಸಾಮಾನು ಇಡೋ ಜಾಗನೂ ಮರೀಬೇಡಿ. ದೂರ ಹೊರಟ ಸಬ್‌ಮರೀನ್‌ಗಳಲ್ಲಿ ಆಹಾರದ ಡಬ್ಬಿಗಳನ್ನ ಓಣಿ ನೆಲದ ಮೇಲೇ ಜೋಡಿಸಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ನಡೀತಿದ್ರು. ಮೊದಲ ವಾರಗಳಲ್ಲಿ ತಲೆ ಚಾವಣಿಗೆ ತಾಗುತ್ತೆ, ತಿಂತಾ ತಿಂತಾ ನೆಲ ಕೆಳಗಿಳಿಯುತ್ತೆ.

ಒಂದು ಮಾದರಿ ಲೆಕ್ಕ

400 ಡಿ-ಟನ್ ಗಸ್ತು ಹಡಗು ಮಾಡೋಣ. ಇಂಧನ 80, ಇಂಜಿನ್ನು ಪವರ್ ಪ್ಲಾಂಟು 80, ಆಯುಧ ಮದ್ದು 30, ಬ್ರಿಡ್ಜ್ 20, ಗಾಳಿ ನೀರಿನ ಯಂತ್ರ ವರ್ಕ್‌ಶಾಪು ಉಗ್ರಾಣ 40, ಚಿಕ್ಕ ದೋಣಿ ಅದರ ಗೂಡು 30, ಓಣಿ ಏಣಿ ಏರ್‌ಲಾಕು (ಗಾಳಿ ಸೋರದಂತೆ ಒಳಹೊರಗೆ ಹೋಗೋ ಎರಡು ಬಾಗಿಲ ಗೂಡು) 50. ಮಿಕ್ಕಿದ್ದು 70, ಅಂದ್ರೆ 980 ಘನ ಮೀಟರ್. ಇದಕ್ಕೆ 40 ಜನ ಹಾಕಿದ್ರೆ ವಾಸಕ್ಕೇ ತಲೆಗೆ 24 ಬರುತ್ತೆ, ಯು-ಬೋಟಿನೋನು ಕೇಳಿದ್ರೆ ಅರಮನೆ ಅಂತಾನೆ. ಗೇಮಿನ ಇದೇ ಸೈಜಿನ ಗಸ್ತು ಹಡಗಲ್ಲಿ ಇಪ್ಪತ್ತರ ಆಸುಪಾಸು ಜನ.

ಈಗ ಫ್ಲೆಚರ್ ಪಕ್ಕಕ್ಕಿಡಿ. 2,500 ಟನ್ ಅಂದ್ರೆ ನೀರೊಳಗೆ 2,440 ಘನ ಮೀಟರ್, ಮೇಲಿನ ಭಾಗ ಸೇರಿಸಿ ಎರಡು ಎರಡೂವರೆ ಪಟ್ಟು ಅಂತ ನಾನು ಅಂದಾಜು ಹಾಕೋದು, 5,000ದಿಂದ 6,000. ಅದೂ 400 ಡಿ-ಟನ್ ಹತ್ರಾನೇ. ಜನ? ಯುದ್ಧಕಾಲದಲ್ಲಿ 300 ದಾಟಿ. ಯಾಕಪ್ಪಾ ಅಷ್ಟು ಅಂದ್ರೆ ಐದು ದೊಡ್ಡ ಫಿರಂಗಿ, ಒಂದೊಂದು ಗುಂಡು 25 ಕೆಜಿ ಹತ್ರ, ಕೈಯಿಂದ ಕೈಗೆ ಎತ್ತಿಕೊಡ್ಬೇಕು, ಬಾಯ್ಲರ್ ನೋಡ್ಕೊಳ್ಳೋರು, ವಿಮಾನ ಹೊಡೆಯೋ ಸಣ್ಣ ಗನ್ನುಗಳೋರು, ಬೆಂಕಿ ಆರಿಸೋಕೆ ತೂತು ಮುಚ್ಚೋಕೆ ತಂಡಗಳು, ಇವೆಲ್ಲಾ ಪಾಳಿ ಮೇಲೆ. ಇವತ್ತಿನ ಜುಮ್‌ವಾಲ್ಟ್ ಡಿಸ್ಟ್ರಾಯರ್ ಆರು ಪಟ್ಟು ತೂಕ, 190 ಮೀಟರ್, ಜನ 200ಕ್ಕಿಂತ ಕಡಿಮೆ. ಹಾಗಾಗಿ ನಿಮ್ಮ ಸ್ಪೇಸ್‌ಶಿಪ್ಪಲ್ಲಿ ಎಷ್ಟು ಜನ ಅನ್ನೋ ಪ್ರಶ್ನೆ ಜಾಗದ್ದಲ್ಲ, ನಿಮ್ಮ ಲೋಕದಲ್ಲಿ ಗುಂಡು ಯಾರು ಎತ್ತುತಾರೆ, ತೂತು ಬಿದ್ರೆ ಯಾರು ಮುಚ್ತಾರೆ ಅನ್ನೋದು. ರೋಬೋಟ್ ಮುಚ್ಚಿದ್ರೆ ಹದಿನೈದು, ಮನುಷ್ಯ ಮುಚ್ಚಿದ್ರೆ ನೂರು.

ಹೋಲಿಕೆ ಎಲ್ಲಿ ಕೈ ಕೊಡುತ್ತೆ

ಸಮುದ್ರದ ಹಡಗಿಗೆ ಸುತ್ತಾ ತಣ್ಣೀರು, ಬಿಸಿನ ಅದಕ್ಕೆ ಸುರಿದ್ರೆ ಮುಗೀತು. ಬಾಹ್ಯಾಕಾಶದಲ್ಲಿ ಬಿಸಿ ಹೊರಗೆ ಹೋಗೋದು ವಿಕಿರಣದಿಂದ ಮಾತ್ರ, ದೊಡ್ಡ ದೊಡ್ಡ ರೇಡಿಯೇಟರ್ ರೆಕ್ಕೆ ಬೇಕು, ಅದನ್ನ ಬಿಡಿಸದೇ ಇದ್ರೆ ನಿಮ್ಮ ಕ್ರೂ ಬೆಂದೇ ಹೋಗುತ್ತೆ. ಅದೇ ಥರ ಗ್ಯಾಸ್ ಟರ್ಬೈನ್ ಹಡಗಲ್ಲಿ ಗಾಳಿ ಎಳ್ಕೊಳ್ಳೋಕೆ ಹೊಗೆ ಬಿಡೋಕೆ ಅಂತ ದೊಡ್ಡ ಕೊಳವೆಗಳು ಎಷ್ಟೋ ಡೆಕ್ ನುಂಗಿರ್ತವೆ, ಸ್ಪೇಸ್‌ಶಿಪ್ಪಿಗೆ ಆ ಖರ್ಚಿಲ್ಲ. ಕೃತಕ ಗುರುತ್ವ ಇಲ್ಲದೆ ಬರೀ ಇಂಜಿನ್ ತಳ್ಳೋ ಬಲದಲ್ಲಿ ನಿಲ್ಲೋ ಹಡಗಾದ್ರೆ ಡೆಕ್‌ಗಳನ್ನ ಹಡಗಿನ ಉದ್ದಕ್ಕೆ ಹಾಸ್ಬೇಡಿ, ಅಪಾರ್ಟ್‌ಮೆಂಟ್ ಮಹಡಿ ಥರ ಒಂದರ ಮೇಲೊಂದು ಪೇರಿಸಿ, ಇಂಜಿನ್ ತಳದಲ್ಲಿ. ನೀರಿನ ವಿಷಯದಲ್ಲಿ ಮಾತ್ರ ಸ್ಪೇಸ್‌ಶಿಪ್ ಬಡವ, ಸಮುದ್ರದ ಹಡಗು ಉಪ್ಪುನೀರು ಬಟ್ಟಿ ಇಳಿಸ್ಕೊಳ್ಳುತ್ತೆ, ಇಲ್ಲಿ ಉಚ್ಚೆ ಬೆವರನ್ನೇ ಶುದ್ಧ ಮಾಡಿ ಕುಡೀಬೇಕು. ಬಾಹ್ಯಾಕಾಶ ನಿಲ್ದಾಣದಲ್ಲಿ ಶೇಕಡ 98ರಷ್ಟು ನೀರು ವಾಪಸ್ ಪಡೆಯೋ ಮಟ್ಟ ಮುಟ್ಟಿದೀವಿ ಅಂತ ನಾಸಾ 2023ರಲ್ಲಿ ಹೇಳ್ತು.

ಕೊನೆಯ ಹೆಜ್ಜೆ: ಟೇಪ್ ತಗೊಳ್ಳಿ

ಆಟ ಶುರು ಆಗೋ ಮುಂಚೆ ನೆಲದ ಮೇಲೆ ಟೇಪ್ ಅಂಟಿಸಿ. 2 ಮೀಟರ್ ಉದ್ದ 70 ಸೆಂಟಿಮೀಟರ್ ಅಗಲದ ಬಂಕು ಎರಡು, ನಡುವೆ 70 ಸೆಂಟಿಮೀಟರ್. ಆರು ಜನರನ್ನ ಆ ಗೆರೆಯೊಳಗೆ ನಿಲ್ಲಿಸಿ, ಒಟ್ಟಿಗೆ ಶೂ ಹಾಕ್ಕೊಳ್ಳಿ ಅನ್ನಿ, ಅಲಾರಂ ಆಗಿದೆ ಅಂತ ಕೂಗಿ. ಮ್ಯಾಪಲ್ಲಿ ಗಂಟೆಗಟ್ಟಲೆ ವಿವರಿಸಿದ್ರೂ ಅರ್ಥ ಆಗದ್ದು ಒಂದೇ ನಿಮಿಷದಲ್ಲಿ ಮೊಣಕೈ ತಿವಿದಾಗ ಆಗುತ್ತೆ.

ನಮ್ಮ ಇಂಜಿನಿಯರ್ ಮಹಾಶಯನನ್ನ ನಾನು ಅದೇ ಗೆರೆಯಲ್ಲಿ, ತಲೆ ಮೇಲೆ ಅರ್ಧ ಮೀಟರ್‌ಗೆ ಒಂದು ಹಲಗೆ ಹಿಡಿದು, ಐದು ನಿಮಿಷ ಮಲಗಿಸಿದೆ. ಎದ್ದೋನೇ ಮ್ಯಾಪ್ ಎಳ್ಕೊಂಡು ತನ್ನ ಬಂಕನ್ನ ಅಳಿಸಿ, ಇಂಜಿನ್ ರೂಮಿನ ಹಿಂದೆ ಎರಡು ಪಂಪಿನ ಸಂದೀಲಿ ಒಂದು ತೂಗುಮಂಚ ಬರೆದ. "ಶಬ್ದ ಆದ್ರೆ ಆಗ್ಲಿ ಕಣೋ, ಮೇಲೆ ಕೆಳಗೆ ಯಾರೂ ಇರಲ್ಲ" ಅಂದ. ಬರೆದ ಮೇಲೆ ಒಂದು ನಿಮಿಷ ಸುಮ್ನಿದ್ದು, ಜಿಮ್ ಇದ್ದ ಜಾಗದಲ್ಲಿ ಈಗ ಏನಿದೆ ಅಂತ ಕೇಳಿದ. ಮದ್ದಿನ ಕೋಣೆ ಅಂದೆ.